ದೊರೆಯ ಊಟ

"ಸಾಕೋಕೆ ಆಗದಿದ್ರೆ ನಾಯಿ ಯಾಕ್ರೀ ಇಟ್ಕೊಂಡಿದ್ದೀರಾ?"

ಮೆಟ್ಟಿಲ ಮೇಲೆ ನಿಂತು ಚುಕ್ಕಿ ಕೇಳಿದ ಈ ಮಾತಿಗೆ ಆಚೀಚೆ ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಕೆಳಮನೆಯ ಲಿಫ್ಟ್ ಮೆಕ್ಯಾನಿಕ್ ಆಗತಾನೆ ಕೆಲಸದಿಂದ ಬಂದಿದ್ದ. ಹೆಗಲಲ್ಲಿ ಸ್ಪ್ಯಾನರ್ ಚೀಲ, ಕೈಯಲ್ಲಿ ನಾಯಿಯ ಬೆಲ್ಟು. ಒಳಗೆ ಹೋಗುವುದೋ ಹೊರಗೆ ಹೋಗುವುದೋ ತಿಳಿಯದೆ ಹೊಸಿಲಲ್ಲೇ ನಿಂತುಬಿಟ್ಟ.

"ಅದರ ಮುಖ ನೋಡಿದ್ದೀರಾ? ಹೊಟ್ಟೆಗಿಲ್ಲದ ಮುಖ. ಯಾವಾಗ ನೋಡಿದ್ರೂ ಅಂಗಡಿ ಚೀಲದ ಆ ಒಣ ಕಾಳು! ನಿಮಗೆ ಯಾರಾದ್ರೂ ಅದನ್ನೇ ಬಡಿಸಿದ್ರೆ ತಿಂತೀರಾ?"

"ತಿಂದು ನೋಡಿದ್ದೀನಿ," ಅಂದ ಅವನು ಮೆಲ್ಲಗೆ. "ಉಪ್ಪು ಸ್ವಲ್ಪ ಕಮ್ಮಿ."

ಯಾವುದೋ ಬಾಗಿಲ ಹಿಂದೆ ಕಿಸಕ್ಕೆಂದು ನಗು ಕೇಳಿಸಿತು. ಚುಕ್ಕಿಯ ಕಿವಿ ಬಿಸಿಯಾಯಿತು. ಜಗಳಕ್ಕೆ ಬಂದವಳಿಗೆ ಎದುರಾಳಿ ಜಗಳವನ್ನೇ ಆಡದಿದ್ದರೆ ಏನು ಮಾಡಬೇಕು? ಅವನು ಕಣ್ಣೆತ್ತಿ ಅವಳನ್ನು ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಯಾರೋ ಕಡೆಗೂ ತನ್ನನ್ನು ಮಾತಾಡಿಸಿದರಲ್ಲ ಎಂಬ ಅಚ್ಚರಿಯಿತ್ತು. ಚುಕ್ಕಿ ದಡದಡ ಮೆಟ್ಟಿಲು ಹತ್ತಿ ಮನೆ ಸೇರಿದಳು.

ಗಲ್ಲದ ಮೇಲಿನ ಮಚ್ಚೆಯಿಂದಾಗಿ ಅವಳಿಗೆ ಚಿಕ್ಕಂದಿನಿಂದಲೂ ಚುಕ್ಕಿ ಎಂದೇ ಹೆಸರು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವುದು ಅವಳ ಕೆಲಸ. ಬೆಳಕು ಹರಿಯುವ ಮುಂಚೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದಳು. ಮನೆಯಲ್ಲಿ ಬಟ್ಟೆ ಹೊಲಿಯುವ ಚಿಕ್ಕಮ್ಮ, ಚಿಕ್ಕಮ್ಮನ ಮಿಷನ್ನು, ಇವಳು. ಇಷ್ಟೇ ಸಂಸಾರ.

ನಾಯಿಯ ಹೆಸರು ದೊರೆ. ಗಿಡ್ಡ ಕಾಲು, ಉದ್ದ ಕಿವಿ, ತಾನು ಯಾರನ್ನೂ ಏನೂ ಕೇಳುವವನಲ್ಲ ಎಂಬ ಗತ್ತು. ಆದರೆ ಊಟದ ವಿಷಯ ಬಂದಾಗ ಆ ಗತ್ತೆಲ್ಲ ಕರಗಿ ಕಣ್ಣು ನೀರಾಗುತ್ತಿತ್ತು. ಮೆಕ್ಯಾನಿಕ್ ಕೆಲಸಕ್ಕೆ ಹೋದಾಗ ದೊರೆ ಹಿತ್ತಲ ಗ್ರಿಲ್ಲಿಗೆ ಮೂಗು ಹಚ್ಚಿ ಕೂರುತ್ತಿದ್ದ. ಮಧ್ಯಾಹ್ನ ಮನೆಗೆ ಬರುವ ಚುಕ್ಕಿಯ ಕೈಯಲ್ಲಿ ಕತ್ತರಿಸಿ ಉಳಿದ ಕೇಕಿನ ಅಂಚುಗಳ ಪೊಟ್ಟಣವಿರುತ್ತಿತ್ತು. ಬೆಣ್ಣೆ ತುಂಬಿದ ಅಂಚು, ಕ್ರೀಮು ಮೆತ್ತಿದ ಅಂಚು. ಗ್ರಿಲ್ಲಿನ ಸಂದಿಯಿಂದ ಅವಳು ಒಂದೊಂದೇ ತುಂಡು ಚಾಚಿದರೆ, ದೊರೆ ಅವಳ ಬೆರಳಿಗೆ ಹಲ್ಲು ತಾಗದಂತೆ ನಾಜೂಕಾಗಿ ತೆಗೆದುಕೊಳ್ಳುತ್ತಿದ್ದ.

"ಪಾಪ, ನಿಮ್ಮ ಯಜಮಾನನಿಗೆ ಕರುಣೆ ಇಲ್ಲ ಅಲ್ವಾ ದೊರೆಗಳೇ?" ಎಂದು ಅವಳು ಪಿಸುಗುಟ್ಟುತ್ತಿದ್ದಳು.

ದೊರೆಗಳು ಬಾಲ ಆಡಿಸಿ ಹೌದೆನ್ನುತ್ತಿದ್ದರು.

*

ಮೆಟ್ಟಿಲ ಜಗಳದ ನಂತರ ಮೆಕ್ಯಾನಿಕ್ ಅವಳನ್ನು ಕಂಡಾಗಲೆಲ್ಲ ತಾನಾಗಿಯೇ ವರದಿ ಒಪ್ಪಿಸತೊಡಗಿದ.

"ಇವತ್ತು ದೊರೆ ಎರಡು ಹೊತ್ತೂ ಊಟ ಮಾಡಿದ್ದಾನೆ. ನೀವು ಬೇಕಾದ್ರೆ ತಟ್ಟೆ ನೋಡಬಹುದು."

"ನಾನೇನು ಇನ್ಸ್‌ಪೆಕ್ಟರಾ?"

"ಅಲ್ವಾ? ನಾನು ಹಾಗೇ ಅಂದ್ಕೊಂಡು ಹೆದರ್ಕೊಂಡಿದ್ದೆ."

ಮಾತಾಡುವಾಗ ಅವನು ಸ್ಪ್ಯಾನರ್ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದ. ಮಾತು ಉದ್ದವಾದಷ್ಟೂ ಚೀಲ ಹೆಚ್ಚು ಸಲ ಓಡಾಡುತ್ತಿತ್ತು. ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಅದನ್ನು ಅವಳು ನೋಡುತ್ತಿದ್ದಾಳೆಂದು ಗೊತ್ತಾದ ಕೂಡಲೇ ಕೈ ಜೇಬಿಗೆ ಹೋಗುತ್ತಿತ್ತು. ಆ ನಾಚಿಕೆ ಚುಕ್ಕಿಗೆ ಹಿಡಿಸಿತು.

"ಕೆಳಗಡೆ ಹೋಗೋಕೆ ತಲೆ ಬಾಚ್ಕೊಂಡೆಯಾ?" ಚಿಕ್ಕಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು.

"ಕಸ ಹಾಕಿ ಬರ್ತೀನಿ."

"ನಿನ್ನೆಯಿಂದ ಕಸಕ್ಕೆ ಬಹಳ ಮರ್ಯಾದೆ ಬಂದುಬಿಟ್ಟಿದೆ ಈ ಮನೇಲಿ."

ಅದೇ ವಾರದ ರಜೆಯ ದಿನ ಬೆಳಿಗ್ಗೆ ಅವನು ಬಂದು ಬಾಗಿಲು ಬಡಿದ. ಚೀಲವಿರಲಿಲ್ಲ, ಅಂಗಿಯ ಗುಂಡಿ ತಪ್ಪಿತಪ್ಪಿ ಹಾಕಿತ್ತು. "ದೊರೆ ಏಳ್ತಿಲ್ಲ. ಬೆಳಗಿಂದ ವಾಂತಿ. ಒಬ್ಬನೇ ಎತ್ಕೊಂಡು ಹೋಗೋಕೆ ಆಗ್ತಿಲ್ಲ. ಬರ್ತೀರಾ?"

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ದೊರೆಯ ತಲೆ ಚುಕ್ಕಿಯ ಮಡಿಲಲ್ಲಿತ್ತು, ಉಳಿದ ಮೈ ಅವನ ಮಡಿಲಲ್ಲಿ. ನಾಯಿ ಬೆನ್ನು ಬಿಲ್ಲಿನಂತೆ ಬಾಗಿಸಿ ನಡುಗುತ್ತಿತ್ತು. "ಸ್ವಲ್ಪ ತಡಿ ಮರಿ, ಬಂದೇಬಿಡ್ತು," ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಇಷ್ಟು ದಿನ ಕರುಣೆಯಿಲ್ಲದವನು ಎಂದುಕೊಂಡಿದ್ದ ಗಂಡಸು ನಾಯಿಯನ್ನು ಮಗುವಿನಂತೆ ರಮಿಸುವುದನ್ನು ಕೇಳಿ ಚುಕ್ಕಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಪಶುವೈದ್ಯೆ ಹೊಟ್ಟೆ ಮುಟ್ಟಿ ನೋಡಿದರು, ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೊಟ್ಟೆ ಹಿಂದೆ ಒಂದು ಗ್ರಂಥಿ ಇರುತ್ತೆ. ಊಟದಲ್ಲಿರೋ ಕೊಬ್ಬನ್ನ ಕರಗಿಸೋದು ಅದರ ಕೆಲಸ. ಅದು ಊದಿಕೊಂಡಿದೆ. ತುಂಬಾ ಬೆಣ್ಣೆ, ಎಣ್ಣೆ ತಿಂದ ನಾಯಿಗಳಿಗೆ ಹೀಗಾಗುತ್ತೆ. ಏನು ಊಟ ಕೊಡ್ತಿದ್ದೀರಿ?"

"ನಮ್ಮ ಬೀದಿ ತಾತನ ಅಂಗಡಿಯಿಂದ ತರೋ ಕಾಳು ಮೇಡಂ. ಬೇರೇನಿಲ್ಲ."

"ಆ ಕಾಳಲ್ಲಿ ಅಷ್ಟೊಂದು ಕೊಬ್ಬಿರಲ್ಲ. ಚೆನ್ನಾಗಿ ಯೋಚನೆ ಮಾಡಿ. ಕೇಕು, ಬಿಸ್ಕತ್ತು, ಕರಿದಿದ್ದು, ಏನಾದ್ರೂ?"

"ಒಂದು ತುಣುಕೂ ಇಲ್ಲ ಮೇಡಂ. ಇವನು ಬಂದಾಗಿನಿಂದ ಇವನ ಹೊಟ್ಟೆ ಸೂಕ್ಷ್ಮ. ಅದಕ್ಕೇ ನಾನು ನನ್ನ ತಟ್ಟೆಯಿಂದ ಕೂಡ ಏನೂ ಹಾಕಲ್ಲ. ಬೇಕಾದ್ರೆ ಇವರನ್ನ ಕೇಳಿ." ಅವನು ಚುಕ್ಕಿಯ ಕಡೆ ತಿರುಗಿದ. ಆ ಸ್ಥಿತಿಯಲ್ಲೂ ಅವನ ತುಟಿಯಲ್ಲಿ ಸಣ್ಣ ನಗುವಿತ್ತು. "ಬರೀ ಒಣ ಕಾಳು ಹಾಕ್ತೀನಿ ಅಂತ ನನ್ನ ಬೈದಿದ್ದಾರೆ."

ವೈದ್ಯೆ ಅವಳನ್ನು ನೋಡಿದರು. ಅವನೂ ನೋಡಿದ. ಮೇಜಿನ ಮೇಲೆ ಮಲಗಿದ್ದ ದೊರೆಯೂ ಅರೆಗಣ್ಣು ತೆರೆದು ಅವಳನ್ನೇ ನೋಡುತ್ತಿದ್ದ.

ಒಂದು ಮಾತು ಸಾಕಿತ್ತು. 'ನಾನು ಕೊಡ್ತಿದ್ದೆ.' ಮೂರು ವರ್ಷದ ಮಗುವೂ ಹೇಳಬಲ್ಲ ಮಾತು. ಆದರೆ ಮೆಟ್ಟಿಲ ಮೇಲೆ ಎಲ್ಲರೆದುರು ಇವನ ಮರ್ಯಾದೆ ತೆಗೆದವಳು ತಾನು. ಈಗ ಇವನೆದುರು, ಈ ಅಪರಿಚಿತ ವೈದ್ಯೆಯೆದುರು, ಹೇಗೆ ಬಾಯಿ ಬಿಡುವುದು?

"ಹೌದು," ಅಂದಳು ಚುಕ್ಕಿ. "ಬರೀ ಕಾಳೇ."

"ಹಾಗಾದ್ರೆ ಕಾಳೇ ಕೆಟ್ಟಿರಬಹುದು, ಊಟ ಬದಲಾಯಿಸಿ ನೋಡೋಣ," ಎಂದು ವೈದ್ಯೆ ಡ್ರಿಪ್ ಹಾಕಲು ಎದ್ದರು.

*

ಅವತ್ತಿನಿಂದ ಚುಕ್ಕಿ ಬೇಕರಿಯಿಂದ ಬರಿಗೈಯಲ್ಲಿ ಬರತೊಡಗಿದಳು. ಹಿತ್ತಲ ದಾರಿ ಬಿಟ್ಟು ಮುಂದಿನ ಗೇಟಿನಿಂದ ಬಂದಳು. ತಪ್ಪು ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ಹೀಗಾಗುವುದಿಲ್ಲ, ಹೇಳಿ ಏನುಪಯೋಗ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಅವಳ ತಪ್ಪು ಈಗಷ್ಟೇ ಕಾಲು ಬೆಳೆಸಿಕೊಂಡು ಬೀದಿಗಿಳಿದಿತ್ತು.

ದೊರೆ ಕ್ಲಿನಿಕ್ಕಿನಿಂದ ಮನೆಗೆ ಬರುವ ದಿನ ಮೆಕ್ಯಾನಿಕ್ ಅವಳನ್ನು ಕೇಳಿದ: "ಹೊಸ ಊಟ ಆರಿಸೋಕೆ ಜೊತೆಗೆ ಬರ್ತೀರಾ? ನಿಮಗೆ ಹಿಟ್ಟು, ಬೆಣ್ಣೆ ಎಲ್ಲ ಗೊತ್ತಿರುತ್ತೆ. ನನಗೆ ಕೇಬಲ್ ಬಿಟ್ರೆ ಏನೂ ಗೊತ್ತಿಲ್ಲ." ಬೆಣ್ಣೆ ಎಂಬ ಮಾತಿಗೆ ಅವಳು ಮುಖ ತಗ್ಗಿಸಿದಳು. ಅವನು ಅದನ್ನು ನಾಚಿಕೆ ಎಂದುಕೊಂಡು ತಾನೂ ನಾಚಿದ.

ದಾರಿಯಲ್ಲಿ ತಾತನ ಅಂಗಡಿ. ಸೋಪು, ಬಕೆಟ್ಟು, ಹಕ್ಕಿಯ ಕಾಳು, ನಾಯಿಯ ಕಾಳು ಎಲ್ಲವನ್ನೂ ಒಂದೇ ಕೋಣೆಯಲ್ಲಿ ತುಂಬಿಟ್ಟುಕೊಂಡು ಕೂತ ಮುದುಕನನ್ನು ಇಡೀ ಬೀದಿ ತಾತ ಎನ್ನುತ್ತಿತ್ತು. ಇವರನ್ನು ಕಂಡು ತಾತ ಎದ್ದು ನಿಂತ. "ದೊರೆ ಹೇಗಿದ್ದಾನಪ್ಪ? ಚೀಲ ತೆಗೆದಿಟ್ಟಿದ್ದೀನಿ ನೋಡು."

"ಆ ಚೀಲ ನೀವೇ ಇಟ್ಕೊಳ್ಳಿ," ಅಂದ ಮೆಕ್ಯಾನಿಕ್. ಅವನ ದನಿ ಏರಿತು. "ಹಳಸಿದ ಮಾಲು ಮಾರಿ ನನ್ನ ನಾಯಿನ ಸಾಯಿಸ್ತಿದ್ರಲ್ಲ! ನಂಬಿ ತಗೊಂಡಿದ್ದಕ್ಕೆ ಒಳ್ಳೆ ವಿಷ ಕೊಟ್ರಿ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಾತ ಚೀಲವನ್ನು ಎತ್ತಿ, ನಡುಗುವ ಬೆರಳಿನಿಂದ ತಾರೀಖು ತೋರಿಸಲು ಹೋದ. ಮೆಕ್ಯಾನಿಕ್ ನೋಡಲಿಲ್ಲ. ಜನ್ಮದಲ್ಲಿ ಯಾರ ಮೇಲೂ ದನಿ ಎತ್ತದವನು ಅಂದು ಬಾಯಿಗೆ ಬಂದಂತೆ ಅಂದ. ಚುಕ್ಕಿ ಅವನ ತೋಳು ಹಿಡಿದೆಳೆದಳು. "ಬನ್ನಿ, ಸಾಕು, ಬನ್ನಿ." ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಗಟ್ಟಿಯಾಗಿಯೇ ಇತ್ತು. ಅವಳು ಇಲ್ಲಿಯೂ ಬಾಯಿ ಬಿಡಲಿಲ್ಲ.

ದೊಡ್ಡ ಪೆಟ್ ಶಾಪಿನಲ್ಲಿ ಗೋಡೆಯಿಂದ ಗೋಡೆಗೆ ಚೀಲಗಳು. ಅವನು ಒಂದೊಂದನ್ನೇ ಎತ್ತಿ ತೋರಿಸಿದ. "ಇದರ ಮೇಲೆ ಕ್ಯಾರೆಟ್ಟು, ಬಟಾಣಿ ಎಲ್ಲ ಇದೆ. ಚೆನ್ನಾಗಿರಬೇಕು."

"ಅದು ಚಿತ್ರ. ಹಿಂದೆ ತಿರುಗಿಸಿ." ತಪ್ಪಿನ ಭಾರಕ್ಕೆ ಚುಕ್ಕಿ ಅಷ್ಟೂ ದಿನ ನಾಯಿಯೂಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದಳು, ವೈದ್ಯೆಗೆ ಫೋನ್ ಮಾಡಿ ಕೇಳಿದ್ದಳು. "ಯಾವುದು ಜಾಸ್ತಿ ಹಾಕಿರ್ತಾರೋ ಅದನ್ನ ಮೊದಲು ಬರೆದಿರ್ತಾರೆ. ಇದರಲ್ಲಿ ಮೊದಲು ಏನಿದೆ?"

"ಜೋಳ. ಆಮೇಲೆ... ಮಾಂಸದ ಉತ್ಪನ್ನ."

"ಯಾವ ಮಾಂಸ ಅಂತ ಹೇಳೋಕೆ ಅವರಿಗೇ ಧೈರ್ಯ ಇಲ್ಲ. ಇಡಿ ಕೆಳಗೆ."

"ಇದು? ಕೆಂಪು, ಹಸಿರು, ಹಳದಿ ಕಾಳು. ದೊರೆಗೆ ಇಷ್ಟ ಆಗಬಹುದು."

"ಬಣ್ಣ ಹಾಕೋದು ನನ್ನ ಕೆಲಸ ಕಣ್ರೀ, ನನಗೆ ಗೊತ್ತಿಲ್ವಾ? ಈ ಬಣ್ಣ ನಾಯಿಗಲ್ಲ, ನಿಮಗೆ."

ಅವನು ಜೋರಾಗಿ ನಕ್ಕ. ಇಬ್ಬರೂ ನೆಲದ ಮೇಲೆ ಕೂತು, ತಲೆಗೆ ತಲೆ ತಾಗುವಷ್ಟು ಬಾಗಿ, ಇರುವೆಯಂಥ ಅಕ್ಷರಗಳನ್ನು ಓದಿದರು. ವಯಸ್ಸಾದ ನಾಯಿಗೆ ಯಾವುದು, ಕೊಬ್ಬು ಕಡಿಮೆ ಇರುವುದು ಯಾವುದು, ದಿನನಿತ್ಯದ ಪೂರ್ತಿ ಊಟ ಯಾವುದು, ಬರೀ ಬಾಯಿರುಚಿಗೆ ಮಾಡಿದ್ದು ಯಾವುದು. ಓದುತ್ತ ಓದುತ್ತ ಅವನ ಕಣ್ಣು ಚೀಲದಿಂದ ಜಾರಿ ಅವಳ ಗಲ್ಲದ ಮಚ್ಚೆಯ ಮೇಲೆ ನಿಂತಿತು.

"ಅಲ್ಲಿ ಏನೂ ಬರೆದಿಲ್ಲ," ಅಂದಳು ಚುಕ್ಕಿ.

"ಬರೆದಿದೆ. ಅಕ್ಷರ ಸಣ್ಣದು, ಹತ್ತಿರದಿಂದ ಓದ್ಬೇಕು."

ಬೇರೆ ದಿನವಾಗಿದ್ದರೆ ಆ ಮಾತನ್ನು ಅವಳು ವಾರಗಟ್ಟಲೆ ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ಅಂದು ಮಾತ್ರ ಆ ಮಾತಿನ ಬೆನ್ನಿಗೇ ತಾತನ ನಡುಗುವ ಬೆರಳು ಕಣ್ಣಮುಂದೆ ಬಂತು.

*

ಹೊಸ ಊಟವನ್ನು ಒಮ್ಮೆಲೇ ಹಾಕಬಾರದು, ಕ್ಲಿನಿಕ್ಕಿನಲ್ಲಿ ಕೊಡುತ್ತಿದ್ದ ಗಂಜಿಯ ಜೊತೆ ಸ್ವಲ್ಪಸ್ವಲ್ಪವೇ ಬೆರೆಸಿ ಹೆಚ್ಚಿಸಬೇಕು ಎಂದು ಚುಕ್ಕಿಯೇ ಹೇಳಿಕೊಟ್ಟಳು. ಅವನು ಹಾಗೆಯೇ ಮಾಡಿದ. ದೊರೆ ಎದ್ದು ಕೂತ, ನಡೆದ, ಒಂದು ದಿನ ಅಂಚೆಯವನನ್ನು ನೋಡಿ ಬೊಗಳಿದ. ಆ ಬೊಗಳಿಕೆಗೆ ಮೆಕ್ಯಾನಿಕ್ ಹಬ್ಬ ಮಾಡುವುದೊಂದೇ ಬಾಕಿ.

"ಇವರು ಆರಿಸಿದ ಊಟ!" ಎಂದು ಕಟ್ಟಡದವರಿಗೆಲ್ಲ ಹೇಳಿಕೊಂಡು ಬಂದ. "ಇವರಿಲ್ಲದಿದ್ರೆ ನನ್ನ ದೊರೆ ಇವತ್ತು ಇರ್ತಿರಲಿಲ್ಲ." ಹೊಗಳಿಕೆಯ ಒಂದೊಂದು ಮಾತೂ ಚುಕ್ಕಿಗೆ ಮುಳ್ಳಿನಂತೆ ಚುಚ್ಚಿತು. ಬೈಗುಳವಾದರೆ ಎದುರುತ್ತರ ಕೊಡಬಹುದಿತ್ತು.

ಒಂದು ಸಂಜೆ ಹಿತ್ತಲಲ್ಲಿ ದೊರೆಯ ಮೈ ಬಾಚುತ್ತ ಕೂತಾಗ ಅವನು ತಲೆ ಎತ್ತದೆ ಕೇಳಿದ. "ಇನ್ನು ಮೇಲೆ 'ನೀನು' ಅನ್ಲಾ?"

"ಅನ್ನಿ."

"ನೀನೂ ಅನ್ಬೇಕು."

"ಅನ್ನು," ಅಂದಳು ಚುಕ್ಕಿ. ಅವನು ಅವಳ ಕೈ ಹಿಡಿದ. ಗ್ರೀಸಿನ ಬೆರಳು, ಒರಟು ಅಂಗೈ, ಅಷ್ಟು ಹಗುರಾದ ಹಿಡಿತ. ಲಿಫ್ಟಿನ ಬಾಗಿಲಿಗೆ ಯಾರದೋ ಬೆರಳು ಸಿಗದಂತೆ ನೋಡಿಕೊಂಡೇ ಕಲಿತ ಹಿಡಿತವೇನೋ. ಅವಳ ಕಣ್ಣು ಮುಚ್ಚಿಕೊಂಡಿತು. ಮುಚ್ಚಿದ ಕಣ್ಣೊಳಗೆ ಕ್ಲಿನಿಕ್ಕಿನ ಮೇಜು ಕಂಡಿತು. ಥಟ್ಟನೆ ಕೈ ಎಳೆದುಕೊಂಡಳು.

"ತಪ್ಪಾಯ್ತಾ?"

"ಇಲ್ಲ, ನೀನಲ್ಲ, ನನಗೆ... ಮಿಷನ್ನಿಗೆ ದಾರ ತರಬೇಕು," ಎಂದು ಎದ್ದುಹೋದಳು. ಅವನ ಮುಖ ಪೆಚ್ಚಾದದ್ದನ್ನು ಬೆನ್ನಿನಲ್ಲೇ ಕಂಡಳು.

ಮರುದಿನ ನಸುಕಿನಲ್ಲಿ, ಅವಳು ಬೇಕರಿಗೆ ಹೊರಟಾಗ, ಅವನು ದೊರೆಯನ್ನು ವಾಕಿಂಗಿಗೆ ಹೊರಡಿಸುವಾಗ ನಾಯಿಯ ಬಾಯಿಗೆ ಕುಕ್ಕೆ ಕಟ್ಟಿದ್ದ. ದೊರೆ ಎರಡೂ ಮುಂಗಾಲಿನಿಂದ ಅದನ್ನು ಕಿತ್ತು ಹಾಕಲು ನೋಡಿದ, ಆಗಲಿಲ್ಲ, ಕೊನೆಗೆ ತಲೆ ತಗ್ಗಿಸಿ ನಡೆದ.

"ಇದ್ಯಾಕೆ?"

"ಬೀದಿಲಿ ಏನಾದ್ರೂ ತಿಂದುಬಿಟ್ರೆ? ಮತ್ತೆ ಆ ನೋವು ನೋಡೋಕೆ ನನ್ನಿಂದಾಗಲ್ಲ." ಕೈ ಎಳೆದುಕೊಂಡ ಹುಡುಗಿಯ ಎದುರು ಅವನ ಮಾತು ಚುಟುಕಾಗಿತ್ತು. "ಹಿಂಸೆ ಅಂತ ಗೊತ್ತು. ಬೇರೆ ದಾರಿ ಇಲ್ಲ."

ದೊರೆ ಕುಕ್ಕೆಯ ಸಂದಿಯಿಂದ ಚುಕ್ಕಿಯ ಬೆರಳು ಮೂಸಿದ. ಬಾಲ ಆಡಿಸಿದ. ತನ್ನ ಬಾಯಿಗೆ ಬೀಗ ಹಾಕಿಕೊಂಡವಳು ತಾನು, ಕುಕ್ಕೆ ಬಿದ್ದದ್ದು ಈ ಮೂಕಪ್ರಾಣಿಗೆ. ಚುಕ್ಕಿ ಅಂದು ಬೇಕರಿಯಲ್ಲಿ ಒಂದೂ ಹೂವನ್ನು ಸರಿಯಾಗಿ ಬಿಡಿಸಲಿಲ್ಲ.

*

ಮಧ್ಯಾಹ್ನ ಅವಳು ಸೀದಾ ತಾತನ ಅಂಗಡಿಗೆ ಹೋದಳು. ನಾಯಿಯ ಕಾಳಿನ ಕಪಾಟು ಖಾಲಿಯಾಗಿತ್ತು. ಅದರಲ್ಲೀಗ ಪೊರಕೆಗಳನ್ನು ಒರಗಿಸಿಟ್ಟಿದ್ದರು.

"ಕಂಪನಿಗೆ ವಾಪಸ್ ಕಳಿಸಿಬಿಟ್ಟೆ ಕಣಮ್ಮ," ಅಂದ ತಾತ. "ಎಷ್ಟೋ ಮರಿಗಳು ನನ್ನ ಅಂಗಡಿ ಕಾಳು ತಿಂದು ಬೆಳೆದವು. ಆದ್ರೆ ಅವನು ಹಾಗಂದ ಮೇಲೆ ನನಗೇ ನನ್ನ ಮೇಲೆ ಅನುಮಾನ ಬಂತು. ಕಣ್ಣು ಸರಿಯಾಗಿ ಕಾಣಲ್ಲ. ತಾರೀಖು ತಪ್ಪಿ ಓದಿದ್ನೋ ಏನೋ."

"ನೀವು ತಪ್ಪು ಓದಿಲ್ಲ ತಾತ." ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. "ನಿಮ್ಮ ಕಾಳಿನಿಂದ ಏನೂ ಆಗಿಲ್ಲ. ನಾನು ದಿನಾ ಅದಕ್ಕೆ ಬೆಣ್ಣೆ ಕೇಕು ತಿನ್ನಿಸ್ತಿದ್ದೆ. ಯಾರಿಗೂ ಹೇಳಲಿಲ್ಲ."

ತಾತ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಅವತ್ತು ನೀನೂ ಇಲ್ಲೇ ನಿಂತಿದ್ದೆ ಅಲ್ವಾ?"

"ನಿಂತಿದ್ದೆ."

"ಹೂಂ." ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. "ನನಗೆ ಹೇಳಿದೆ, ಸಂತೋಷ. ಆದ್ರೆ ಬೈದವನು ಅವನು. ಅವನಿಗೆ ಹೇಳು."

ಮೆಕ್ಯಾನಿಕ್ ಅಂದು ಒಂದು ಆಫೀಸು ಕಟ್ಟಡದಲ್ಲಿ ಕೆಲಸದಲ್ಲಿದ್ದ. ಸಂಜೆಯವರೆಗೆ ಕಾದರೆ ಧೈರ್ಯ ಸೋರಿಹೋದೀತೆಂದು ಚುಕ್ಕಿ ಅಲ್ಲಿಗೇ ಹೋದಳು. 'ರಿಪೇರಿ ನಡೆಯುತ್ತಿದೆ' ಎಂಬ ಹಲಗೆಯ ಹಿಂದೆ ಲಿಫ್ಟಿನ ಬಾಗಿಲು ತೆರೆದಿತ್ತು. ಲಿಫ್ಟು ಒಂದು ಮಹಡಿ ಕೆಳಗೆ ನಿಂತಿತ್ತು. ಅದರ ನೆತ್ತಿಯ ಮೇಲೆ ಅವನು ನಿಂತಿದ್ದ. ಅವನ ಮುಖ ಅವಳ ಕಾಲಿನ ಮಟ್ಟದಲ್ಲಿತ್ತು.

ಅವಳನ್ನು ಕಂಡು ಆ ಮುಖ ಬೆಳಗಿತು. "ಏನಿದು, ಇಲ್ಲಿವರೆಗೂ! ಇರು, ಮೇಲೆ ಬರ್ತೀನಿ."

"ಬೇಡ, ಅಲ್ಲೇ ಇರು. ನೀನು ಪಕ್ಕದಲ್ಲಿ ಬಂದು ನಿಂತ್ರೆ ನನಗೆ ಹೇಳೋಕಾಗಲ್ಲ." ಅವಳು ನೆಲದ ಮೇಲೆ ಮಂಡಿಯೂರಿದಳು. "ದೊರೆಗೆ ಕಾಯಿಲೆ ಬಂದಿದ್ದು ತಾತನ ಕಾಳಿನಿಂದ ಅಲ್ಲ. ನನ್ನಿಂದ."

"ನೀನು ಬೈದಿದ್ದಕ್ಕಾ?" ಅವನು ನಕ್ಕ.

ಅವಳು ನಗಲಿಲ್ಲ. ಗ್ರಿಲ್ಲು, ಪೊಟ್ಟಣ, ಬೆಣ್ಣೆ, ಕ್ರೀಮು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದಂತೆ ಅವನ ಮುಖದ ಬೆಳಕು ಒಂದೊಂದೇ ದೀಪ ಆರಿಸಿದಂತೆ ಹೋಯಿತು.

"ಡಾಕ್ಟರ್ ಕೇಳಿದಾಗ ನೀನು ಪಕ್ಕದಲ್ಲೇ ಇದ್ದೆ."

"ಇದ್ದೆ."

"ತಾತನಿಗೆ ಬೈದಾಗ?"

"ಇದ್ದೆ."

"ನಿನ್ನೆ ಮೊನ್ನೆ ಅಲ್ಲ, ಇವತ್ತು ಬೆಳಿಗ್ಗೆ ಕುಕ್ಕೆ ಕಟ್ಟಿದಾಗ?"

ಅವನು ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ಕೇಕ್ ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದೆ ಕೊಟ್ಟಿದ್ದು, ಪ್ರೀತಿಗೆ ಕೊಟ್ಟಿದ್ದು. ಆದ್ರೆ ಗೊತ್ತಾದ ಮೇಲೆ..." ಬಟ್ಟೆಯನ್ನು ಜೇಬಿಗೆ ತುರುಕಿ, ತೀರಾ ಮೆತ್ತಗೆ ಹೇಳಿದ: "ಸ್ವಲ್ಪ ಹಿಂದೆ ಸರಿದು ನಿಂತ್ಕೊಳ್ಳಿ. ಬಾಗಿಲು ಮುಚ್ಚಬೇಕು."

ನಿಂತ್ಕೊಳ್ಳಿ.

ಆ ಒಂದು ಅಕ್ಷರ ಹೊತ್ತುಕೊಂಡು ಚುಕ್ಕಿ ಮನೆಯವರೆಗೆ ನಡೆದೇ ಬಂದಳು.

*

ಬೇಕರಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಗೋಡೆಯ ಕಡೆ ಮುಖ. ಕೆಳಮನೆಯ ಬಾಗಿಲು ಸದ್ದಾದರೆ ಅವಳು ಮೆಟ್ಟಿಲಲ್ಲೇ ನಿಂತು, ಅವನು ಹೋದಮೇಲೆ ಇಳಿಯುತ್ತಿದ್ದಳು. ಒಂದು ದಿನ ಚಿಕ್ಕಮ್ಮ ಮಿಷನ್ನು ನಿಲ್ಲಿಸಿ ಪಕ್ಕಕ್ಕೆ ಬಂದು ಕೂತಳು. ಚುಕ್ಕಿ ಎಲ್ಲವನ್ನೂ ಹೇಳಿ ಅತ್ತಳು.

"ಮುಖ ತೋರಿಸೋಕೆ ಆಗ್ತಿಲ್ಲ ಚಿಕ್ಕಮ್ಮ."

"ತೋರಿಸಬೇಡ. ಹಿಂಗೇ ಬಿದ್ಕೊಂಡಿರು." ಚಿಕ್ಕಮ್ಮ ಅವಳ ಬೆನ್ನು ಸವರಿದಳು. "ನಾಚ್ಕೊಂಡು ಕೂರೋದೂ ಒಂಥರಾ ಸುಖ ಕಣೇ. ಯಾರಿಗೂ ಏನೂ ಮಾಡಬೇಕಾಗಿಲ್ಲ ನೋಡು. ಆ ಮುದುಕನ ಕಪಾಟಿನಲ್ಲಿ ಪೊರಕೆ ಇದೆ ಅಂದ್ಯಲ್ಲ, ಅದಕ್ಕೇನು ಮಾಡಿದೆ?"

ಚುಕ್ಕಿ ಕಣ್ಣೊರೆಸಿಕೊಂಡಳು. ಮುಖ ತೊಳೆದು ಕಟ್ಟಡದ ಒಂದೊಂದೇ ಮನೆಯ ಬಾಗಿಲು ತಟ್ಟಿದಳು. "ತಾತನ ಅಂಗಡಿ ಕಾಳು ಕೆಟ್ಟದ್ದು ಅಂತ ನೀವು ಕೇಳಿರ್ತೀರಾ. ಅದು ಸುಳ್ಳು. ನಾಯಿಗೆ ಕೇಕು ಹಾಕಿ ಕಾಯಿಲೆ ತಂದವಳು ನಾನು." ಕೆಲವರು ಅಯ್ಯೋ ಎಂದರು, ಕೆಲವರು ನಕ್ಕರು, ಒಬ್ಬಾಕೆ ಬೇಕೆಂದೇ ಎರಡು ಸಲ ಹೇಳಿಸಿಕೊಂಡಳು. ಪ್ರತಿ ಬಾಗಿಲಲ್ಲೂ ಅವಳ ಮುಖ ಹೊಸದಾಗಿ ಉರಿಯಿತು. ಹೇಳುತ್ತ ಹೇಳುತ್ತ ಅಭ್ಯಾಸವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಆದರೂ ಕೊನೆಯ ಮನೆಯವರೆಗೆ ಹೋದಳು. ತಾತನನ್ನು ಪೆಟ್ ಶಾಪಿಗೆ ಕರೆದುಕೊಂಡು ಹೋಗಿ, ಯಾವ ಕಾಳು ತರಿಸಿದರೆ ಒಳ್ಳೆಯದು ಎಂದು ಹಿಂಬದಿಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳಿದಳು. ತಾತ ಎಲ್ಲ ಕೇಳಿ, "ಮೊದಲು ತರಿಸ್ತಿದ್ದೇ ಚೆನ್ನಾಗಿತ್ತು ಬಿಡು," ಎಂದು ಅದನ್ನೇ ಮತ್ತೆ ತರಿಸಿದ.

ಪೊರಕೆಗಳು ಮೂಲೆಗೆ ಹೋದವು.

ಮೆಕ್ಯಾನಿಕ್ ಬಂದದ್ದು ಅದಾದ ಮೇಲೆ, ಬೇಕರಿಯ ಹಿಂಬಾಗಿಲಿಗೆ. ಚುಕ್ಕಿ ಏಪ್ರನ್ನಿನಲ್ಲೇ ಹೊರಗೆ ಬಂದಳು. ಕೈ ತುಂಬ ಕ್ರೀಮು. ಅವನಿಗೆ ಕಾಣಬಾರದೆಂದು ಬೆನ್ನ ಹಿಂದೆ ಹಿಡಿದುಕೊಂಡಳು.

"ತಾತನ ಹತ್ರ ಹೋಗಿದ್ದೆ," ಅಂದ ಅವನು, ಗೋಡೆಗೆ ಹೇಳುವವನಂತೆ. "ಗಿರಾಕಿಗಳ ಎದುರಿಗೇ ಕ್ಷಮೆ ಕೇಳ್ದೆ. ನಾಯಿ ಮೇಲಿನ ಪ್ರೀತಿಗೆ ಬಾಯಿ ಜಾರ್ತು ಅಂದೆ. 'ನಾಯಿ ಮೇಲಿನ ಪ್ರೀತಿನಾ?' ಅಂತ ಕೇಳಿದ್ರು. ಅಷ್ಟೇ ಕೇಳಿದ್ದು." ಚೀಲ ಎಡಹೆಗಲಿಂದ ಬಲಕ್ಕೆ ಹೋಯಿತು. "ಆಮೇಲೆ ನನಗೇ ಗೊತ್ತಾಯ್ತು. ಅವತ್ತು ಕೂಗಾಡಿದ್ದು ದೊರೆಗೋಸ್ಕರ ಅಲ್ಲ. ಪಕ್ಕದಲ್ಲಿ ಒಬ್ಬಳು ನಿಂತಿದ್ಲು. ನಾಯಿ ಸಾಕೋಕೆ ಬರಲ್ಲ ಅಂತ ಅಂದಿದ್ಲು. ಅವಳಿಗೆ ತೋರಿಸ್ಬೇಕಿತ್ತು. ಚೀಲದ ಮೇಲಿನ ತಾರೀಖು ಕೂಡ ನೋಡಲಿಲ್ಲ. ಮುದುಕರ ಕೈ ನಡುಗ್ತಿತ್ತು, ನನಗೆ ಅದೂ ಕಾಣಲಿಲ್ಲ."

"ಅದಕ್ಕೂ ಕಾರಣ ನಾನೇ."

"ಎಲ್ಲ ನೀನೇ ತಗೋಬೇಡ. ನನ್ನದು ನನಗಿರಲಿ."

ನೀನೇ. ಚುಕ್ಕಿ ಉಸಿರಾಡುವುದನ್ನು ಮರೆತಳು.

"ಇನ್ನೊಂದಿದೆ," ಅಂದ ಅವನು. ಕಿವಿಯ ತುದಿ ಕೆಂಪಾಗಿತ್ತು. "ಆ ದಿನಗಳಲ್ಲಿ ದೊರೆ ಮೂತಿಯಿಂದ ವೆನಿಲಾ ವಾಸನೆ ಬರ್ತಿತ್ತು. ದಿನಾ ಬರ್ತಿತ್ತು. ವಿಚಾರಿಸ್ಬೇಕಿತ್ತು, ವಿಚಾರಿಸಲಿಲ್ಲ."

"ಯಾಕೆ?"

"ನನಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ಆಗ ನನಗೆ ಎಲ್ಲೆಲ್ಲೂ ಅದೇ ವಾಸನೆ. ಲಿಫ್ಟಿನೊಳಗೆ, ಅಂಗಿಯಲ್ಲಿ, ಗ್ರೀಸಿನ ಡಬ್ಬಿಯಲ್ಲಿ ಕೂಡ."

ಚುಕ್ಕಿಗೆ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಕ್ರೀಮು ಬಳಿದುಕೊಂಡಳು. ಅವನು ಕೈ ಚಾಚಿದ, ತನ್ನ ಬೆರಳಿನ ಗ್ರೀಸು ನೋಡಿ ನಿಲ್ಲಿಸಿದ, ಕೊನೆಗೆ ಅಂಗಿಯ ತೋಳಿನಿಂದ ಅವಳ ಕೆನ್ನೆ ಒರೆಸಿದ. ಇಬ್ಬರೂ ತಲೆ ತಗ್ಗಿಸಿ, ಒಬ್ಬರ ಚಪ್ಪಲಿ ಇನ್ನೊಬ್ಬರು ನೋಡುತ್ತ ನಿಂತರು.

"ನಿನ್ನ ಮುಖ ನೋಡೋಕೆ ಇನ್ನೂ ನಾಚಿಕೆಯಾಗುತ್ತೆ," ಅಂದಳು ಅವಳು. "ಬಹಳ ದಿನ ಆಗುತ್ತೆ ಅನ್ಸುತ್ತೆ."

"ಆಗ್ಲಿ. ನಾನೂ ಇರ್ತೀನಲ್ಲ, ನನಗೂ ಆಗ್ತಿರುತ್ತೆ." ಅವನು ಜೇಬಿನಿಂದ ಒಂದು ಬೀಗದ ಕೈ ತೆಗೆದ. "ನಾಳೆಯಿಂದ ನನಗೆ ದೂರದ ಕಟ್ಟಡದಲ್ಲಿ ಕೆಲಸ. ಮಧ್ಯಾಹ್ನ ಬರೋಕಾಗಲ್ಲ. ದೊರೆಗೆ ಊಟ ನೀನು ಹಾಕ್ತೀಯಾ?"

"ನಾನಾ?"

"ನೀನೇ."

ಅವಳು ಕ್ರೀಮು ಮೆತ್ತಿದ ಅಂಗೈಯನ್ನು ಏಪ್ರನ್ನಿಗೆ ಮತ್ತೆ ಮತ್ತೆ ಒರೆಸಿ, ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡಳು.

ಮರುದಿನ ಮಧ್ಯಾಹ್ನ ಚುಕ್ಕಿ ಕೆಳಮನೆಯ ಬಾಗಿಲು ತೆರೆದಳು. ಪುಟ್ಟ ಅಡುಗೆಮನೆ, ಒಗೆದು ಒಣಹಾಕಿದ ಒಂದೇ ಅಂಗಿ, ಮೂಲೆಯಲ್ಲಿ ಕಾಳಿನ ಡಬ್ಬ. ಕಪ್ಪಿನಲ್ಲಿ ಗೆರೆಯವರೆಗೆ ಅಳೆದಳು. ಎರಡು ಕಾಳು ಹೆಚ್ಚಾದವು, ತೆಗೆದು ಹಾಕಿದಳು. ದೊರೆ ತಟ್ಟೆ ಖಾಲಿ ಮಾಡಿ, ಮುಂದೇನು ಎಂಬಂತೆ ಆ ಹಳೆಯ ನೀರುಗಣ್ಣು ಎತ್ತಿ ನೋಡಿದ.

"ಇಲ್ಲ ದೊರೆಗಳೇ," ಅಂದಳು. "ಅಷ್ಟೇ."

ದೊರೆ ನಿಟ್ಟುಸಿರು ಬಿಟ್ಟು ಅವಳ ಪಾದದ ಮೇಲೆ ತಲೆಯಿಟ್ಟು ಮಲಗಿದ. ಫೋನು ರಿಂಗಾಯಿತು. ಆಚೆಯಿಂದ ಯಂತ್ರಗಳ ಗದ್ದಲ, ನಡುವೆ ಅವನ ದನಿ.

"ತಿಂದನಾ?"

"ತಿಂದ. ಅಳೆದೇ ಹಾಕಿದೆ."

"ನಾನು ಅದನ್ನ ಕೇಳಲಿಲ್ಲ. ನೀನು ಊಟ ಮಾಡಿದ್ಯಾ?"

ಬಹಳ ದಿನಗಳಿಂದ ಸರಿಯಾಗಿ ಮಾಡಿರಲಿಲ್ಲ. ಆದರೆ ಅದನ್ನು ಬಚ್ಚಿಡಬೇಕೆಂದು ಅವಳಿಗೆ ಅನ್ನಿಸಲಿಲ್ಲ.

"ಇಲ್ಲ," ಅಂದಳು ಚುಕ್ಕಿ. "ಇನ್ನೂ ಮಾಡಿಲ್ಲ. ಸಂಜೆ ನೀನು ಬಾ, ಜೊತೆಗೇ ಮಾಡೋಣ."